ಅಂಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಕೋವಿಡ್‌ನಿಂದ ತೀವ್ರ ನಿಗಾ ಘಟಕ ಸೇರಿದ ಗರ್ಭಿಣಿಗೆ ಅಪಾಯ ಎಷ್ಟು? ಇದನ್ನು ಅಂದಾಜು ಮಾಡಲು ವೈದ್ಯರ ಬಳಿ ಅಂಕಪಟ್ಟಿಗಳಿವೆ. 1996ರಲ್ಲಿ ಪ್ರಕಟವಾದ 'ಸೋಫಾ' ಅವುಗಳಲ್ಲೊಂದು. ಶ್ವಾಸಕೋಶ, ರಕ್ತ ಹೆಪ್ಪುಗಟ್ಟುವಿಕೆ, ಯಕೃತ್ತು, ರಕ್ತಪರಿಚಲನೆ, ಮಿದುಳು, ಮೂತ್ರಪಿಂಡ – ಈ ಆರಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟು 24. ಇಲ್ಲಿ ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಆದರೆ ಈ ಪಟ್ಟಿ ಗರ್ಭಿಣಿಯರಿಗೆಂದೇ ಮಾಡಿದ್ದಲ್ಲ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.2ಕ್ಕಿಂತ ಕಡಿಮೆ ಬಂದರೆ ಮೂತ್ರಪಿಂಡಕ್ಕೆ ಸೊನ್ನೆ ಅಂಕ. ಗರ್ಭಿಣಿಯಲ್ಲಿ ಕ್ರಿಯಾಟಿನಿನ್ ಸಹಜವಾಗಿಯೇ ಇಳಿದಿರುತ್ತದೆ, ಆಕೆಗೆ 1.1 ಬಂದರೂ ಅದು ತೊಂದರೆಯ ಸೂಚನೆ. ಅದಕ್ಕಾಗಿ ಗರ್ಭಿಣಿಯರಿಗೆ ತಿದ್ದಿದ ಪಟ್ಟಿಯೂ ಇದೆ.

ವಾಣಿಜ್ಯ ವಿಭಾಗದ ನನಗೆ ಇದು ವಿಮೆಯ ಲೆಕ್ಕದಂತೆ ಕಾಣುತ್ತದೆ. ಸಾವಿರ ಅಂಗಡಿಗಳಲ್ಲಿ ಸುಮಾರು ಎಷ್ಟಕ್ಕೆ ಬೆಂಕಿ ಬೀಳಬಹುದೆಂದು ಕಂಪನಿ ಅಂದಾಜಿಸುತ್ತದೆ; ಯಾವ ಅಂಗಡಿಗೆ ಎಂದು ಹೇಳಲಾರದು. ಮನೆಯಲ್ಲಿ ಇದನ್ನು ಉರ್ದುವಿನಲ್ಲಿ ವಿವರಿಸಿದಾಗ ಅಮ್ಮಿ, "ಹಾಗಾದರೆ ಅಂಕ ಯಾಕೆ ಬೇಕು?" ಎಂದು ಕೇಳಿದರು. ಯಾರನ್ನು ಮೊದಲು ನೋಡಬೇಕು, ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ತಿಳಿಯಲು ಬೇಕು. ಅಂಕ ಹೆಚ್ಚಿತೆಂದು ಯಾರನ್ನೂ ಕೈಬಿಡಲು ಅಲ್ಲ.

ತಲಕಾಡಿನಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಸುಮಾರು 45 ಕಿ.ಮೀ. ನಮ್ಮ ಊರಿನವರು ಈ ದೂರವನ್ನೂ ಲೆಕ್ಕಕ್ಕೆ ಸೇರಿಸಬೇಕು. ಮನೆಯಲ್ಲೇ ನೋಡಬಹುದಾದ ಅಂಕವೂ ಒಂದಿದೆ: ಕೋವಿಡ್ ಬಂದ ಗರ್ಭಿಣಿಯ ಆಮ್ಲಜನಕ ಮಟ್ಟ 95ಕ್ಕಿಂತ ಇಳಿದರೆ ಅಥವಾ ಉಸಿರಾಟ ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬಾರದು.

ಭಾರತದಲ್ಲಿ 2021ರ ಜುಲೈ 2ರಂದು ಗರ್ಭಿಣಿಯರಿಗೂ ಕೋವಿಡ್ ಲಸಿಕೆಗೆ ಅನುಮತಿ ಸಿಕ್ಕಿತು. ನಿಗಾ ಘಟಕದವರೆಗೆ ಹೋಗುವ ಅಪಾಯವನ್ನೇ ಲಸಿಕೆ ತಗ್ಗಿಸುತ್ತದೆ.