ಪೆಟ್ಟಿಗೆಯ ಮೇಲಿನ ವ್ಯಾಟ್‌ಗೆ ಮರುಳಾಗಬೇಡಿ

ಉಮರ್ಗಾ, ನಿಲಂಗಾ, ಉದಗೀರ ಕಡೆ ಮನೆಗೆ 5.1 ಸ್ಪೀಕರ್ ಸೆಟ್ ಕೊಳ್ಳುವವರೇ, ಪೆಟ್ಟಿಗೆಯ ಮೇಲಿನ ಪಿಎಂಪಿಒ (ಕ್ಷಣಿಕ ಗರಿಷ್ಠ) ಸಾವಿರಗಳನ್ನು ಬಿಡಿ, ಸತತವಾಗಿ ಸಿಗುವ ಆರ್‌ಎಂಎಸ್ ವ್ಯಾಟ್ ಎಷ್ಟು ಅಂತ ಕೇಳಿ. ವೂಫರ್ ಬೆನ್ನಿಗೆ ಸಾಮಾನ್ಯವಾಗಿ ಓಮ್ ಬರೆದಿರುತ್ತದೆ, ಅದನ್ನೂ ಓದಿ. 8 ಓಮ್‌ನ ಎರಡನ್ನು ಪ್ಯಾರಲಲ್ ಜೋಡಿಸಿದರೆ 4 ಓಮ್. ಅಷ್ಟು ಕಡಿಮೆ ಓಮ್ ತಾಳದ ಆಂಪ್ಲಿಫೈಯರ್ ಕಾದು ಕೆಡುತ್ತದೆ.

100 ವ್ಯಾಟಿನ ವೂಫರಿಗೆ ಅದರ ಆಸುಪಾಸಿನ ಆಂಪ್ಲಿಫೈಯರ್ ಇರಲಿ. ಸಣ್ಣದಾದರೆ ಅಪಾಯವಿಲ್ಲ ಅಂತ ಬಹಳ ಮಂದಿ ನಂಬಿದ್ದಾರೆ, ಅದು ತಪ್ಪು. ಸಣ್ಣದನ್ನು ಪೂರ್ತಿ ತಿರುವಿ ಹಾಡಿಸಿದಾಗ ಅಲೆಯ ತುದಿ ಕತ್ತರಿಸಿಹೋಗುತ್ತದೆ, ದನಿ ಒಡೆಯುತ್ತದೆ, ಸ್ಪೀಕರಿನ ಕಾಯಿಲ್ ಕಾದು ಅರಗು ಸುಟ್ಟ ವಾಸನೆ ಹೊಡೆಯಬಹುದು. ಒಡಕು ಕೇಳಿದ ಕೂಡಲೇ ವಾಲ್ಯೂಮ್ ಇಳಿಸಿ.

ಇನ್ನೊಂದು, ವ್ಯಾಟ್ ದುಪ್ಪಟ್ಟಾದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಹೆಚ್ಚಿನ ವ್ಯಾಟ್‌ಗೆ ಕೊಡುವ ದುಡ್ಡನ್ನು ಒಳ್ಳೆಯ ವೂಫರಿಗೇ ಹಾಕಿ.