ಕಾಡಿನ ದಾರಿಗೆ ಒಂದು ಮಡಿಸುವ ಚಾಕು

ನನ್ನೆದುರಿನ ಮೇಜಿನ ಮೇಲೆ ಮರದ ಹಿಡಿಯ ಒಂದು ಚಾಕು ಇದೆ. ಮಡಿಸಿಟ್ಟಾಗ 11 ಸೆಂಟಿಮೀಟರ್ ಉದ್ದ, ತೂಕ ಹೆಚ್ಚೂಕಡಿಮೆ ಒಂದು ಕೋಳಿಮೊಟ್ಟೆಯಷ್ಟು. ಅಲಗಿನಲ್ಲಿ ಉಗುರು ಸಿಕ್ಕಿಸಲೆಂದೇ ಒಂದು ಗೀರು ಬಿಟ್ಟಿದ್ದಾರೆ. ಅಲ್ಲಿ ಹಿಡಿದು ಎಳೆದರೆ 8.5 ಸೆಂಟಿಮೀಟರಿನ ತೆಳ್ಳನೆ ಅಲಗು ಹೊರಬರುತ್ತದೆ. ಅಲಗಿನ ಮೇಲೆ ಆಶೀರ್ವದಿಸುವ ಒಂದು ಹಸ್ತ, ಅದರ ಜೊತೆ ಒಂದು ಕಿರೀಟ. ಇದು ಫ್ರಾನ್ಸಿನ ಓಪಿನೆಲ್ ಚಾಕು, 8ನೇ ನಂಬರಿನದು. ಚಾರಣಕ್ಕೆ ಹೊಸದಾಗಿ ಬರುವವರಿಗೆ ಮಡಿಸುವ ಚಾಕುವಿನ ಪಾಠ ಹೇಳುವಾಗ ನಾನು ಮೊದಲು ಕೈಗೆ ಕೊಡುವುದು ಇದನ್ನೇ. ಇದರಲ್ಲಿರುವುದು ಐದೇ ಭಾಗ: ಮರದ ಹಿಡಿ, ಅಲಗು, ಎರಡನ್ನೂ ಸೇರಿಸುವ ಒಂದು ಮೊಳೆ, ಹಿಡಿಯ ತುದಿಗೆ ಹಾಕಿದ ಲೋಹದ ಕಟ್ಟು, ಅದರ ಮೇಲೆ ತಿರುಗುವ ಒಂದು ಬಳೆ. ಐದೂ ಹೊರಗಿನಿಂದಲೇ ಕಾಣುತ್ತವೆ. ಯಾವುದು ಏನು ಮಾಡುತ್ತದೆಂದು ತಿಳಿಯಲು ಐದು ನಿಮಿಷ ಸಾಕು.

ಹೊಸಬರು ಬಹಳಷ್ಟು ಸಲ ಫೋನಿನಲ್ಲಿ ಒಂದು ಚಿತ್ರ ತೋರಿಸಿ "ಇದು ತಗೊಳ್ಳಲಾ ಸರ್?" ಎಂದು ಕೇಳುತ್ತಾರೆ. ದಪ್ಪನೆಯ ಕಪ್ಪು ಅಲಗು, ಬೆನ್ನಿಗೆ ಗರಗಸದ ಹಲ್ಲು, ನೋಡಿದರೆ ಯುದ್ಧಕ್ಕೆ ಹೊರಟಂತೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಏನು ಕೊಯ್ಯುತ್ತೀರಿ? ಲೆಕ್ಕ ಹಾಕಿದರೆ ಸೌತೆಕಾಯಿ, ಈರುಳ್ಳಿ, ಬ್ರೆಡ್ಡು, ಟೆಂಟಿನ ಹಗ್ಗ, ಕಾಲಿನ ಬೊಬ್ಬೆಗೆ ಹಚ್ಚುವ ಪಟ್ಟಿ, ಅವಲಕ್ಕಿಯ ಪೊಟ್ಟಣ, ಒಲೆ ಹಚ್ಚಲು ಒಣ ಪುಳ್ಳೆಯ ಸಿಪ್ಪೆ. ಇಷ್ಟೇ. ಇದಕ್ಕೆ 7ರಿಂದ 9 ಸೆಂಟಿಮೀಟರಿನ ತೆಳು ಅಲಗು ಸಾಕು. ಸಾಕು ಎನ್ನುವುದಕ್ಕಿಂತ ಅದೇ ಒಳ್ಳೆಯದು. ದಪ್ಪ ಅಲಗಿಗೆ ಈರುಳ್ಳಿ ಕೊಟ್ಟು ನೋಡಿ, ಹೋಳಾಗುವ ಬದಲು ಸೀಳಿಹೋಗುತ್ತದೆ. ಕೊಂಬೆ ಸವರಲು, ಬಿದಿರು ಕಡಿಯಲು ನಮ್ಮ ಮಲೆನಾಡಿನಲ್ಲಿ ಕತ್ತಿ ಇದೆ. ತೋಟಕ್ಕೆ ಹೋಗುವವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಡುತ್ತಾರೆ. ಕತ್ತಿಯ ಕೆಲಸವನ್ನು ಜೇಬಿನ ಚಾಕುವಿನಿಂದ ಮಾಡಿಸಲು ಹೋದವರೇ ಹೆಚ್ಚಾಗಿ ಬೆರಳು ಕೊಯ್ದುಕೊಳ್ಳುವುದು.

ಮಡಿಸುವ ಚಾಕು ಕೊಳ್ಳುವವರು ಬ್ರ್ಯಾಂಡಿಗಿಂತ ಮೊದಲು ತಿಳಿಯಬೇಕಾದ್ದು, ತೆರೆದ ಅಲಗನ್ನು ಅಲ್ಲೇ ಹಿಡಿದು ನಿಲ್ಲಿಸುವುದು ಯಾವುದು ಎಂಬುದನ್ನು. ಹಳೆಯ ಕ್ರಮದ ಚಾಕುಗಳಲ್ಲಿ ಇದಕ್ಕೆ ಮೂರು ದಾರಿಗಳಿವೆ. ಮೊದಲನೆಯದರಲ್ಲಿ ಏನೂ ಇಲ್ಲ, ಮೊಳೆಯ ಬಿಗಿಯೊಂದೇ. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಅಂಥದ್ದು. ಅದರ ಅಲಗಿಗೆ ಹಿಂದೆ ಒಂದು ಪುಟ್ಟ ಬಾಲವಿರುತ್ತದೆ, ಕೊಯ್ಯುವಷ್ಟು ಹೊತ್ತು ಹೆಬ್ಬೆರಳಿನಿಂದ ಆ ಬಾಲವನ್ನು ಒತ್ತಿ ಹಿಡಿದಿರಬೇಕು. ಎರಡನೆಯದರಲ್ಲಿ ಹಿಡಿಯ ಬೆನ್ನಿನೊಳಗೆ ಒಂದು ಪಟ್ಟಿ ಸ್ಪ್ರಿಂಗ್ ಇರುತ್ತದೆ. ಅದು ಅಲಗಿನ ಬುಡವನ್ನು ಒತ್ತಿಕೊಂಡಿರುತ್ತದೆ. ತೆರೆಯುವಾಗ, ಮುಚ್ಚುವಾಗ 'ಟಕ್' ಎಂದು ಸದ್ದಾಗುವುದು ಅದರದ್ದೇ. ಫ್ರಾನ್ಸಿನ ಲಾಯೋಲ್ ಚಾಕುಗಳು, ಅಮೆರಿಕದ ಅಜ್ಜಂದಿರ ಜೇಬಿನಲ್ಲಿದ್ದ ಬಾರ್ಲೋ ಚಾಕುಗಳು, ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಸ್ವಿಸ್ ಅಧಿಕಾರಿಗಳ ಚಾಕು ಎಲ್ಲ ಈ ಜಾತಿಗೆ ಸೇರಿದವು. ಮೂರನೆಯದು ಬೀಗವಿರುವುದು. ಓಪಿನೆಲ್‌ನ ಬಳೆಯೇ ಅದರ ಬೀಗ.

ಸ್ಪ್ರಿಂಗ್ ಚಾಕು ಒಳ್ಳೆಯ ಚಾಕು. ಆದರೆ ಸ್ಪ್ರಿಂಗು ಬೀಗವಲ್ಲ. ಇದನ್ನು ಒತ್ತಿ ಹೇಳಲು ನನಗೆ ಕಾರಣವಿದೆ. ಒಂದು ಚಾರಣದಲ್ಲಿ ಕಾಲೇಜು ಹುಡುಗನೊಬ್ಬ ನನ್ನ ಸ್ಪ್ರಿಂಗ್ ಚಾಕು ಕೇಳಿ ತೆಗೆದುಕೊಂಡು ಅದರ ಮೊನೆಯಿಂದ ಬೆಲ್ಟಿಗೆ ತೂತು ಕೊರೆಯಲು ಕೂತ. ಮೊನೆ ಚರ್ಮದಲ್ಲಿ ಸಿಕ್ಕಿತು, ಕೈ ಮುಂದೆ ಹೋಯಿತು, ಅಲಗು ಮಡಿಚಿಕೊಂಡು ತೋರುಬೆರಳ ಮೇಲೆ ಕೂತಿತು. ಮೂರು ಹೊಲಿಗೆ ಬಿದ್ದವು. ಕೊಯ್ಯುವಾಗ ಒತ್ತಡ ಅಲಗಿನ ಬಾಯಿಯ ಮೇಲೆ ಬೀಳುತ್ತದೆ, ಹಾಗಾಗಿ ಅಲಗು ಇನ್ನಷ್ಟು ತೆರೆಯುವ ಕಡೆಗೇ ಒತ್ತಿಕೊಳ್ಳುತ್ತದೆ. ಚುಚ್ಚುವಾಗ, ಬೆನ್ನಿಗೆ ಪೆಟ್ಟು ಕೊಡುವಾಗ ಅದು ಮಡಿಯುವ ಕಡೆಗೆ ತಿರುಗುತ್ತದೆ. ಇಷ್ಟು ವಿಷಯವನ್ನು ಚಾಕು ಕೊಡುವ ಮುಂಚೆ ನಾನು ಅವನಿಗೆ ಹೇಳಬೇಕಿತ್ತು. ಅಂದಿನಿಂದ ಹೇಳದೆ ಯಾರ ಕೈಗೂ ಕೊಟ್ಟಿಲ್ಲ.

ಈಗ ಈ ಓಪಿನೆಲ್ ಬಂದ ದಾರಿಯನ್ನು ಸ್ವಲ್ಪ ನೋಡೋಣ. ಆಲ್ಪ್ಸ್ ಪರ್ವತದ ಮಡಿಲಲ್ಲಿರುವ ಸವೋಯ್ ಪ್ರಾಂತದಲ್ಲಿ, ಸ್ಯಾಂ-ಝಾಂ-ದ-ಮೊರಿಯೆನ್ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ, ಕೊಡಲಿ, ಕುಡುಗೋಲು ಮಾಡುವ ಕಮ್ಮಾರರ ಮನೆ ಇದರ ತವರು. ಆ ಮನೆಯ ಹುಡುಗ ಜೋಸೆಫ್ ಓಪಿನೆಲ್ 1890ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ರೈತರ ಜೇಬಿಗೆಂದು ಈ ಚಾಕು ಮಾಡಿದ. 1897ರ ಹೊತ್ತಿಗೆ 1ರಿಂದ 12ರವರೆಗೆ ಹನ್ನೆರಡು ಅಳತೆಗಳು ಬಂದವು. ಮುಂದೆ 1 ಮತ್ತು 11ನೇ ನಂಬರುಗಳನ್ನು ಕೈಬಿಟ್ಟರು. ಅಲಗಿನ ಮೇಲಿನ ಹಸ್ತ ಆ ಪಟ್ಟಣದ ಲಾಂಛನದ್ದು, ಸ್ನಾನಿಕ ಯೋಹಾನನ ಆಶೀರ್ವಾದದ ಬೆರಳುಗಳು. ಕಿರೀಟ ಸವೋಯ್ ದೊರೆಗಳದ್ದು. 1909ರಲ್ಲಿ ಜೋಸೆಫ್ ಎರಡನ್ನೂ ಸೇರಿಸಿ ತನ್ನ ಗುರುತು ಮಾಡಿಕೊಂಡ. ಬಳೆ ಬಂದದ್ದು ಬಹಳ ತಡವಾಗಿ, 1955ರಲ್ಲಿ, ಮಾರ್ಸೆಲ್ ಓಪಿನೆಲ್ ಕೈಯಿಂದ. ಅದಕ್ಕೆ ಮುಂಚಿನ ಅರವತ್ತೈದು ವರ್ಷ ಸವೋಯ್ ರೈತರು ಬೀಗವಿಲ್ಲದೆಯೇ ಕೊಯ್ದರು. 2000ನೇ ಇಸವಿಯಿಂದ ಅದೇ ಬಳೆಯನ್ನು ತಿರುಗಿಸಿ ಮಡಿಸಿದ ಅಲಗನ್ನೂ ಭದ್ರ ಮಾಡಬಹುದು. ಇದು ಚೀಲದೊಳಗೆ ತಾನೇ ತೆರೆದುಕೊಳ್ಳುವುದಿಲ್ಲ ಎಂಬುದು ಚಾರಣಿಗರಿಗೆ ದೊಡ್ಡ ನೆಮ್ಮದಿ.

ಯಾವ ನಂಬರು? ಸಣ್ಣ ಕೈಯಾದರೆ 7, ಉಳಿದವರಿಗೆಲ್ಲ 8. 10 ಮತ್ತು 12 ಅಡುಗೆಗೆ ಚೆನ್ನ, ಆದರೆ ಜೇಬಿಗೆ ಭಾರ. ಮಕ್ಕಳಿಗೆಂದೇ ಮೊನೆಯನ್ನು ಗುಂಡಗೆ ಮಾಡಿದ 7ನೇ ನಂಬರು ಸಿಗುತ್ತದೆ. ಹತ್ತು ವರ್ಷದ ಮಗುವಿಗೆ ಅದೇ ಸರಿ, ಅದೂ ದೊಡ್ಡವರು ಪಕ್ಕದಲ್ಲಿ ಕೂತಿದ್ದಾಗ ಮಾತ್ರ.

ಉಕ್ಕಿನ ವಿಷಯದಲ್ಲಿ ನಿಧಾನವಾಗಿ ಯೋಚಿಸಿ. ಒಂದೇ ಚಾಕು ಎರಡು ಬಗೆಯಲ್ಲಿ ಬರುತ್ತದೆ. ಕಾರ್ಬನ್ ಸ್ಟೀಲಿನ ಅಲಗಿನಲ್ಲಿ ಶೇಕಡ 0.9ರಷ್ಟು ಇಂಗಾಲವಿದೆ. ನಾಲ್ಕು ಸಲ ಮಸೆದರೆ ಸಾಕು, ಹರಿತ ತಕ್ಷಣ ಮರಳುತ್ತದೆ. ಆದರೆ ನೀರು ಮುಟ್ಟಿದ ಕೈಯಲ್ಲೇ ಒರೆಸದೆ ಇಟ್ಟರೆ ಮರುದಿನ ಬೆಳಗ್ಗೆ ಕೆಂಪು ಚುಕ್ಕೆಗಳು ಎದ್ದಿರುತ್ತವೆ. ಮಾವಿನಕಾಯಿ, ನಿಂಬೆ, ಈರುಳ್ಳಿ ಕೊಯ್ದಂತೆ ಅಲಗಿಗೆ ನೀಲಿ ಬೂದುಬಣ್ಣ ಹತ್ತುತ್ತದೆ. ಇದನ್ನು ಕಂಡು ಗಾಬರಿಯಾಗಿ ತಿಕ್ಕಿ ತೆಗೆಯುವವರಿದ್ದಾರೆ, ದಯವಿಟ್ಟು ತೆಗೆಯಬೇಡಿ. ಆ ಬೂದು ಪದರವೇ ಕೆಂಪು ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಸ್ಟೇನ್‌ಲೆಸ್ ಅಲಗು ಮಸೆಯಲು ತುಸು ಹೆಚ್ಚು ಹೊತ್ತು ಬೇಡುತ್ತದೆ, ಆದರೆ ಒದ್ದೆಯನ್ನು ಸಹಿಸುತ್ತದೆ. ನನ್ನ ತೀರ್ಮಾನ ಹೀಗೆ: ಕರಾವಳಿ, ಕೊಡಗು, ಆಗುಂಬೆಯ ಕಡೆಯ ತೇವದಲ್ಲಿ ಓಡಾಡುವವರು ಮೊದಲ ಚಾಕುವನ್ನು ಸ್ಟೇನ್‌ಲೆಸ್‌ನಲ್ಲೇ ಕೊಳ್ಳಿ. ಬಯಲುಸೀಮೆಯವರಿಗೆ, ದಿನಾ ಒರೆಸಿಡುವ ಅಭ್ಯಾಸ ಇರುವವರಿಗೆ ಕಾರ್ಬನ್ ಬಲು ಇಷ್ಟವಾಗುತ್ತದೆ.

ಮರದ ಹಿಡಿಗೂ ಒಂದು ಸ್ವಭಾವವಿದೆ. ಮಳೆಗಾಲದಲ್ಲಿ ಬೀಚ್ ಮರ ನೀರು ಕುಡಿದು ಉಬ್ಬುತ್ತದೆ, ಅಲಗನ್ನು ಕಚ್ಚಿ ಹಿಡಿಯುತ್ತದೆ, ಉಗುರು ಮುರಿದರೂ ತೆರೆಯುವುದಿಲ್ಲ. ಒಂದು ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯ ಒಂದು ಮನೆಯ ಜಗಲಿಯಲ್ಲಿ ಕೂತು ನಾನು ಈ ಚಾಕುವಿನೊಡನೆ ಬಹಳ ಹೊತ್ತು ಗುದ್ದಾಡಿದೆ. ಉಪಾಯ ಸವೋಯ್ ರೈತರದ್ದೇ. ಬಳೆ ಸಡಿಲಿಸಿ, ಹಿಡಿಯ ಬಾಲದ ತುದಿಯನ್ನು ಗಟ್ಟಿ ನೆಲಕ್ಕೋ ಮೇಜಿಗೋ ಒಮ್ಮೆ ಕುಟ್ಟಬೇಕು. ಒಳಗಿನ ಅಲಗು ಆ ಪೆಟ್ಟಿಗೆ ತಲೆ ಎತ್ತುತ್ತದೆ, ಆಮೇಲೆ ಉಗುರಿಗೆ ಸಿಗುತ್ತದೆ. ಫ್ರಾನ್ಸಿನಲ್ಲಿ ಇದಕ್ಕೆ 'ಸವೋಯ್‌ನವರ ಪೆಟ್ಟು' ಎಂದೇ ಹೆಸರು. ಹಿಡಿಯನ್ನು ನೀರಿನಲ್ಲಿ ನೆನೆಹಾಕಬೇಡಿ, ಒದ್ದೆಯಾದರೆ ಒಲೆಯ ಹತ್ತಿರ ಇಟ್ಟು ಒಣಗಿಸಬೇಡಿ, ಮರ ಸೀಳುತ್ತದೆ. ಗಾಳಿಗೆ ತೆರೆದಿಟ್ಟರೆ ತಾನೇ ಇಳಿಯುತ್ತದೆ. ಆಮೇಲೆ ಮೊಳೆಯ ಸಂದಿಗೆ, ಅಲಗಿಗೆ ಒಂದೊಂದು ಹನಿ ಕೊಬ್ಬರಿ ಎಣ್ಣೆ ಸವರಿ. ಊಟದ ಪದಾರ್ಥ ಮುಟ್ಟುವ ಅಲಗಿಗೆ ಮೆಷಿನ್ ಎಣ್ಣೆ ಬೇಡ.

ಅಂಗಡಿಯಲ್ಲಿ ಕೊಳ್ಳುವಾಗ ಹೀಗೆ ನೋಡಿ. ಮಡಿಸಿದಾಗ ಅಲಗು ಸೀಳಿನ ನಟ್ಟನಡುವೆ ಕೂರಬೇಕು, ಒಂದು ಪಕ್ಕಕ್ಕೆ ತಾಗಬಾರದು. ತೆರೆದು ಮೊನೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲುಗಿಸಿದರೆ ಗಡಗಡ ಅನ್ನಬಾರದು. ಬಳೆ ಬೆರಳಿನ ಬಿಗಿಗೆ ತಿರುಗಬೇಕು, ಆದರೆ ತಾನಾಗಿ ಜಾರಬಾರದು. ಹಿಡಿಯನ್ನು ಹತ್ತು ನಿಮಿಷ ಹಿಡಿದು ನಿಂತರೂ ಅಂಗೈಗೆ ಯಾವ ಅಂಚೂ ಚುಚ್ಚಬಾರದು. ಸ್ಪ್ರಿಂಗ್ ಚಾಕುವಾದರೆ ತೆರೆದಾಗ ಸ್ಪ್ರಿಂಗಿಗೂ ಅಲಗಿಗೂ ನಡುವೆ ಬೆಳಕು ಕಾಣಬಾರದು.

ಬಳಕೆ ಕಲಿಯುವವರು ಮೊದಲ ವಾರ ಏನನ್ನೂ ಕೊಯ್ಯಬೇಕಿಲ್ಲ. ಕೂತು ತೆರೆಯಿರಿ, ಬಳೆ ತಿರುಗಿಸಿ, ಬಳೆ ಬಿಚ್ಚಿ, ಮಡಿಸಿ. ಮಡಿಸುವಾಗ ನಾಲ್ಕೂ ಬೆರಳು ಸೀಳಿನ ದಾರಿಯಿಂದ ಹೊರಗಿರಲಿ, ಅಲಗನ್ನು ಇನ್ನೊಂದು ಕೈಯ ಅಂಗೈಯಿಂದ ಬೆನ್ನು ಒತ್ತಿ ಒಳಗೆ ಕಳಿಸಿ. ಕೆತ್ತುವಾಗ ಕೂತೇ ಕೆತ್ತಿ, ಮೊಣಕೈಗಳನ್ನು ಮಂಡಿಗಳ ಮೇಲೂರಿ, ಕೆತ್ತುವ ಕೆಲಸ ಮಂಡಿಯಿಂದಾಚೆ ನಡೆಯಲಿ. ತೊಡೆಯ ಮೇಲಿಟ್ಟು ಕೆತ್ತುವುದು ಅಪಾಯ, ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳ ಹರಿಯುತ್ತದೆ. ಕೈ ಚಾಚಿದರೆ ತಗಲುವಷ್ಟು ಹತ್ತಿರ ಯಾರೂ ಇರಬಾರದು. ಇನ್ನೊಬ್ಬರಿಗೆ ಕೊಡುವಾಗ ಮಡಿಸಿಯೇ ಕೊಡಿ.

ಮೊಂಡು ಚಾಕುವಿನಿಂದ ಆಗುವ ಗಾಯವೇ ಹೆಚ್ಚು, ಏಕೆಂದರೆ ಬಲ ಹಾಕುತ್ತೇವೆ, ಅದು ಜಾರುತ್ತದೆ. ಒಂದು ಸಾದಾ ಸಾಣೆಕಲ್ಲು ಸಾಕು. ಕಲ್ಲನ್ನು ಒದ್ದೆ ಮಾಡಿ, ಅಲಗನ್ನು ಮಲಗಿಸಿ, ಬೆನ್ನನ್ನು ಮೂರು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಎತ್ತಿ. ಅದೇ ಓರೆ ಕೆಡದಂತೆ ಕಲ್ಲಿನ ಮೇಲ್ಪದರವನ್ನು ತೆಳ್ಳಗೆ ಹೆರೆಯುತ್ತಿದ್ದೇನೆ ಎಂಬಂತೆ ಬುಡದಿಂದ ಮೊನೆಯವರೆಗೆ ಎಳೆಯಿರಿ. ಹತ್ತಾರು ಎಳೆತ ಆದಮೇಲೆ ಇನ್ನೊಂದು ಬದಿಯ ಅಂಚನ್ನು ಹೆಬ್ಬೆರಳಿನಿಂದ ಅಡ್ಡಡ್ಡ ಸವರಿದರೆ ಕೂದಲೆಳೆಯಷ್ಟು ತರಿ ತಾಗುತ್ತದೆ. ಆಗ ಮಗುಚಿ, ಆ ಬದಿಗೂ ಅಷ್ಟೇ. ಕೊನೆಗೆ ಹಗುರವಾಗಿ ಒಂದೊಂದು ಎಳೆತ. ಮಾಗಿದ ಟೊಮ್ಯಾಟೊ ಸಿಪ್ಪೆಯ ಮೇಲೆ ಅಲಗನ್ನು ಒತ್ತದೆ ಎಳೆದು ನೋಡಿ. ಕಚ್ಚಿಕೊಂಡರೆ ಕೆಲಸ ಮುಗಿಯಿತು.

ಇನ್ನು ಕಾನೂನು. ವಿಮಾನದಲ್ಲಿ ಚಾಕುವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ, ಒಳಗೆ ಹಾಕುವ ಸಾಮಾನಿನಲ್ಲಿಡಿ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಗಮನಿಸಿ: ಅಲ್ಲಿ ತಕ್ಕ ಕಾರಣವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಒಯ್ಯಬಹುದಾದದ್ದು 3 ಅಂಗುಲದೊಳಗಿನ ಅಲಗಿನ, ಬೀಗವಿಲ್ಲದ ಮಡಿಸುವ ಚಾಕು ಮಾತ್ರ. ಬಳೆಯಿರುವ ಓಪಿನೆಲ್ ಆ ವಿನಾಯಿತಿಗೆ ಬರುವುದಿಲ್ಲ, ಅಲ್ಲಿ ಸ್ಪ್ರಿಂಗ್ ಚಾಕುವೇ ಸರಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಆಯುಧ' ಎಂಬ ಪದದೊಳಗೆ ಚಾಕುವನ್ನೂ ಹೆಸರಿಸಿ ಸೇರಿಸಿದೆ. ಲಿಖಿತ ಪೂರ್ವಾನುಮತಿ ಇಲ್ಲದೆ ಆಯುಧದೊಂದಿಗೆ ಅಭಯಾರಣ್ಯಕ್ಕೆ, ರಾಷ್ಟ್ರೀಯ ಉದ್ಯಾನಕ್ಕೆ ಕಾಲಿಡುವಂತಿಲ್ಲ. ಕುಮಾರಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನ. ಹಾಗಾಗಿ ಇಂಥ ಕಡೆ ಹೊರಡುವ ದಿನ ಈರುಳ್ಳಿಯನ್ನು ಮನೆಯಲ್ಲೇ ಹೆಚ್ಚಿಕೊಂಡು ಹೊರಡಿ, ಚಾಕುವನ್ನು ಮನೆಯಲ್ಲೇ ಬಿಡಿ.