ಟಿ.ಬಿ., ಛತ್ರ, ಹೋಟೆಲ್: ಬಾಗಿಲು ಯಾರಿಗೆ ತೆರೆದಿತ್ತು?

ಕೆಲವು ಊರುಗಳಲ್ಲಿ ‘ಪ್ರವಾಸಿ ಮಂದಿರ’ ಅಂತ ಸರ್ಕಾರಿ ಬೋರ್ಡ್ ನೋಡಿರ್ತೀರಿ. ಹಿರಿಯರು ಅದನ್ನು ಈಗಲೂ ಟಿ.ಬಿ. ಅಂತಲೇ ಕರೆಯುತ್ತಾರೆ. ಟ್ರಾವೆಲರ್ಸ್ ಬಂಗಲೆ ಅನ್ನೋದರ ಶಾರ್ಟ್‌ಫಾರ್ಮ್ ಅದು. ಬ್ರಿಟಿಷರ ಕಾಲದ ಹೆಸರು.

1799ರಲ್ಲಿ ಟಿಪ್ಪು ಸತ್ತ ಮೇಲೆ ಮಂಗಳೂರು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಇಲ್ಲಿಗೆ ರೈಲು ಬಂದದ್ದು 1907ರಲ್ಲಿ. ನಡುವಿನ ನೂರು ವರ್ಷ ಜನ ಹೇಗೆ ಓಡಾಡಿದರು? ಒಂದು ದಾರಿ ಸಮುದ್ರ, ಆದರೆ ಮಳೆಗಾಲದಲ್ಲಿ ಹಡಗು ಬರೋದಿಲ್ಲ. ಇನ್ನೊಂದು ಘಟ್ಟ. ಎತ್ತಿನ ಗಾಡಿಯಲ್ಲೋ ನಡೆದುಕೊಂಡೋ ಸಂಪಾಜೆ ಹತ್ತಿ ಮಡಿಕೇರಿ ಮುಟ್ಟೋದು ಒಂದು ದಿನದ ಕೆಲಸ ಅಲ್ಲ. ಹಾಗಾದರೆ ರಾತ್ರಿ ಎಲ್ಲಿ ಮಲಗೋದು?

ಸಾಹೇಬರಿಗೆ ಬಂಗಲೆ

ಪ್ರಯಾಣದ ಅಧಿಕಾರಿಗಳಿಗಾಗಿ ಸರ್ಕಾರವೇ ಮುಖ್ಯ ರಸ್ತೆಗಳಲ್ಲಿ ಬಂಗಲೆ ಕಟ್ಟಿಸಿತು. ಒಂದೆರಡು ಕೋಣೆ, ಅಗಲವಾದ ವರಾಂಡ, ದೂರದಲ್ಲಿ ಅಡುಗೆಮನೆ. ಬಾಡಿಗೆ ಕೊಡಬೇಕಿತ್ತು. ಊಟಕ್ಕೆ ಹೆಚ್ಚಾಗಿ ಕೋಳಿ. ಸಾಹೇಬ ಬಂದಾಗ ಅಂಗಳದಲ್ಲಿ ಓಡಾಡ್ತಿದ್ದ ಕೋಳಿ, ಅವನ ಸ್ನಾನ ಮುಗಿಯುವಾಗ ತಟ್ಟೆಯಲ್ಲಿ! ಇಂಗ್ಲಿಷರು ಈ ಅಡುಗೆಗೆ ಇಟ್ಟ ಹೆಸರು ‘ಸಡನ್ ಡೆತ್’. 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಇದು ದಾಖಲಾಗಿದೆ.

ನಮ್ಮವರಿಗೆ ಛತ್ರ

ಊರಿನ ಜನರಿಗೆ ಛತ್ರ, ಮಠ, ಅರವಟ್ಟಿಗೆ ಇದ್ದವು. ಇವು ವ್ಯಾಪಾರ ಅಲ್ಲ, ಪುಣ್ಯದ ಕೆಲಸ. ತುಳುನಾಡಿನಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವ ಪದ್ಧತಿ ಈಗಲೂ ಉಂಟು. ಆದರೆ ಎಲ್ಲರಿಗೂ ಒಂದೇ ಪಂಕ್ತಿ ಇರಲಿಲ್ಲ. ಯಾರು ಒಳಗೆ, ಯಾರು ಜಗಲಿಯಲ್ಲಿ, ಯಾರು ಅಂಗಳದಲ್ಲೇ ಅಂತ ಜಾತಿ ನೋಡಿಯೇ ತೀರ್ಮಾನ ಆಗ್ತಿತ್ತು.

ದುಡ್ಡು ಕೊಟ್ಟರೆ ಊಟ?

ಆಮೇಲೆ ಹೋಟೆಲ್ ಬಂತು. ದುಡ್ಡು ಕೊಟ್ಟವರಿಗೆಲ್ಲ ಊಟ ಅಂದ್ಕೊಂಡರೆ, ಅದೂ ಅಲ್ಲ. ಎಷ್ಟೋ ಕಡೆ ಬ್ರಾಹ್ಮಣರಿಗೆ ಬೇರೆ ಕೋಣೆ, ದಲಿತರಿಗೆ ಪ್ರವೇಶವೇ ಇಲ್ಲ. ರೈಲು ಒಂದೇ, ಟಿಕೆಟ್ ಒಂದೇ, ಆದರೆ ಸ್ಟೇಷನ್ನಿನ ಊಟದ ಕೋಣೆ ಬೇರೆ ಬೇರೆ. ದಕ್ಷಿಣದ ರೈಲ್ವೆಯಲ್ಲಿ ಈ ಪದ್ಧತಿ ನಿಂತದ್ದು ಪೆರಿಯಾರ್ ಅವರ ಹೋರಾಟದ ನಂತರ, 1941ರಲ್ಲಿ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲ್‌ಗಳನ್ನು ಹೆಸರಿಟ್ಟೇ ಹೇಳಿದ್ದಾರೆ: ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ತಡೆಯುವ ಹಾಗಿಲ್ಲ. ಇಷ್ಟು ದೊಡ್ಡ ದೇಶದ ಸಂವಿಧಾನಕ್ಕೆ ಹೋಟೆಲ್ ಯಾಕೆ ಬೇಕಿತ್ತು ಅಂತ ಅನಿಸಬಹುದು. ಹಸಿದು ಬಂದ ಪ್ರಯಾಣಿಕನ ಜಾತಿ ಕೇಳಿ ಬಾಗಿಲು ಹಾಕ್ತಿದ್ದ ಕಾಲ ಅದನ್ನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಇವತ್ತು ನಾವು ನಾಲ್ಕೈದು ಜನ ಫ್ರೆಂಡ್ಸ್ ಒಂದೇ ಟೇಬಲ್‌ನಲ್ಲಿ ಕೂತು ಬನ್ಸ್ ತಿನ್ನೋದು ತನ್ನಷ್ಟಕ್ಕೆ ಆದದ್ದಲ್ಲ ಮಾರಾಯ್ರೆ, ಅದಕ್ಕೆ ಒಂದು ಕಾನೂನು ಬೇಕಾಯ್ತು.